ಮೊದಲ ಹಾರ

ನಾಲ್ಕೂ ಚಕ್ರ ಎಳೆಯುವ, ಉಕ್ಕಿನ ಕವಚದ ಎರಡು ಸೇನಾ ಗಾಡಿಗಳು ಗಡಿಯ ಶಿಬಿರದಲ್ಲಿ ಅಕ್ಕಪಕ್ಕ ನಿಂತಿದ್ದವು. ಎರಡೂ ಒಂದೇ ಕಾರ್ಖಾನೆಯ ಮಕ್ಕಳು. ಅಣ್ಣ ಆಂಬುಲೆನ್ಸ್, ತಮ್ಮ ಸೈನಿಕರನ್ನು ಒಯ್ಯುವ ಗಾಡಿ. ಅಂದು ಆಯುಧಪೂಜೆ. ಮೊದಲ ಹಾರ ಯಾವ ಗಾಡಿಗೆಂದು ಚಾಲಕರೇ ತೀರ್ಮಾನಿಸುವುದು ಆ ಪಡೆಯ ರೂಢಿ.

"ಹಾರ ನನಗೇ," ಎಂದಿತು ತಮ್ಮ. "ಮೊನ್ನೆಯ ಕಾಳಗದಿಂದ ಒಂದು ಗೀರೂ ಇಲ್ಲದೆ ಬಂದಿದ್ದೇನೆ. ನಿನ್ನ ಮೈ ನೋಡಿಕೊ, ಬರೀ ಗುಂಡಿನ ಗುರುತು."

"ಗುಂಡು ಹಾರುವಾಗ ನೀನೆಲ್ಲಿದ್ದೆ?" ಬಳಲಿದ ದನಿಯಲ್ಲಿ ಆಂಬುಲೆನ್ಸ್ ಕೇಳಿತು.

"ಹುಡುಗರನ್ನು ಇಳಿಸಿ ಗುಡ್ಡದ ಮರೆಗೆ ಹೋದೆ. ಅಪ್ಪಣೆಯೇ ಹಾಗಿತ್ತು."

"ನಿನ್ನ ತಪ್ಪಲ್ಲ ಬಿಡು. ಅವರನ್ನು ವಾಪಸ್ ತರಲು ಹೋದದ್ದು ನಾನು, ಅಷ್ಟೇ."

ಅಷ್ಟರಲ್ಲಿ ತಮ್ಮನ ಚಾಲಕ ಹವಾಲ್ದಾರ್ ಮುದ್ದಯ್ಯ ಚೆಂಡುಹೂವಿನ ಹಾರ ಹಿಡಿದು ಬಂದ. ತಮ್ಮ ಮೈ ಸೆಟೆಸಿ ನಿಂತಿತು. ಮುದ್ದಯ್ಯ ಅದನ್ನು ದಾಟಿ ಹೋಗಿ ಆಂಬುಲೆನ್ಸಿನ ಹಿಂಬಾಗಿಲು ತೆರೆದ, ಹಾರವನ್ನು ಖಾಲಿ ಸ್ಟ್ರೆಚರಿನ ಮೇಲಿಟ್ಟ.

"ನಮ್ ಹುಡ್ಗ ದ್ಯಾವಪ್ಪ ಮೊನ್ನೆ ನನ್ ಗಾಡೀಲಿ ಹಾಡ್ತಾ ಹೋದ," ಎಂದ. "ಇದ್ರಲ್ಲಿ ಮಾತಿಲ್ದೆ ಬಂದ."

ಬಾಗಿಲು ಮುಚ್ಚಿ ಹೊರಟುಹೋದ.

ತಮ್ಮ ಮೆಲ್ಲಗೆ ಹೇಳಿತು, "ಅಂತೂ ಹಾರ ನಿನಗೇ ಸಿಕ್ಕಿತಲ್ಲ ಅಣ್ಣ."

"ಅದು ನನ್ನದಲ್ಲ," ಎಂದಿತು ಆಂಬುಲೆನ್ಸ್. "ನನಗೆ ಹಾಕುವುದೇ ಆದರೆ, ಕೆಲಸವಿಲ್ಲದೆ ನಾನು ತುಕ್ಕು ಹಿಡಿದ ವರ್ಷ ಹಾಕಲಿ."