ಕಟ್ಟೆಯವರು ಮೆಚ್ಚಿದ ದೋಣಿ

“ಗುರುಗಳೇ, ನಿಮ್ಮ ಮಾತಿಗೆ ಸ್ವಲ್ಪ ನಯ ಬಂದರೆ ಆಗದೇ?” ಎಂದು ಶಿಷ್ಯ ಕೇಳಿದ.

ಕೇಳಲು ಕಾರಣವಿತ್ತು. ಬೆಳಿಗ್ಗೆ ಊರಿನ ಧಣಿಯೊಬ್ಬ ಆಶ್ರಮಕ್ಕೆ ಬಂದಿದ್ದ. ತಡವಾಗಿ ಕೆಲಸಕ್ಕೆ ಬಂದ ಕೂಲಿಯವಳಿಗೆ ಕೋಲಿನಿಂದ ಬುದ್ಧಿ ಕಲಿಸಿದೆನೆಂದು ನಗುತ್ತ ಹೇಳಿದ. ಏಟು ತಿಂದ ಆ ಹೆಂಗಸೇ ಅವನ ಹಣ್ಣಿನ ಬುಟ್ಟಿ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಅವಳ ತೋಳು ಬಾತುಕೊಂಡಿತ್ತು. ಗುರುಗಳು ಎಲ್ಲರೆದುರು ಧಣಿಯ ಜನ್ಮ ಜಾಲಾಡಿ, ಬುಟ್ಟಿಯನ್ನು ಅವನ ತಲೆಗೇ ಹೊರಿಸಿ ಕಳಿಸಿದ್ದರು.

“ಅಲ್ಲಿ ಕೂತಿದ್ದ ಹಿರಿಯರನ್ನೆಲ್ಲ ಕೇಳಿಕೊಂಡು ಬಂದೆ,” ಎಂದ ಶಿಷ್ಯ. “ನೀವು ಹೇಳಿದ್ದು ಸರಿ, ಹೇಳಿದ ರೀತಿ ಒರಟಾಯಿತು ಎನ್ನುತ್ತಾರೆ.”

ಗುರುಗಳ ಕೋಪ ಇನ್ನೂ ಇಳಿದಿರಲಿಲ್ಲ. ಅವರು ಹೇಳತೊಡಗಿದರು.

ಒಂದು ಹೊಳೆಯ ಕಡವಿನಲ್ಲಿ ಒಬ್ಬ ಅಂಬಿಗನಿದ್ದ. ಅವನದು ಸಾಗುವಾನಿಯ ದೋಣಿ. ಜನ ನಿಲ್ಲುವ ಹಲಗೆಗಳನ್ನು ಅವನ ತಂದೆ ಮರಳು ಹಾಕಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದ. ಇವನೂ ಹಾಗೆಯೇ ಉಜ್ಜುತ್ತಿದ್ದ. ಬಿಸಿಲಿಗೆ ಮರ ಬೂದಿ ಬಣ್ಣಕ್ಕೆ ತಿರುಗಿತ್ತು. ಉಜ್ಜಿ ಉಜ್ಜಿ ಎಳೆಗಳು ಎದ್ದು ನಿಂತಿದ್ದವು. ನೋಡಲು ಚೆಂದವಿರಲಿಲ್ಲ, ನಿಜ.

ಕಡವಿನ ಪಕ್ಕ ಒಂದು ಕಟ್ಟೆಯಿತ್ತು. ಅದರ ಮೇಲೆ ಊರಿನ ನಾಲ್ಕು ಜನ ದಿನವಿಡೀ ಕೂತಿರುತ್ತಿದ್ದರು. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ. ಇವರಿಗೆ ಕೆತ್ತಲು ಅಂಬಿಗನ ದೋಣಿ ಸಿಕ್ಕಿತು. ಸಾಗುವಾನಿಯಂಥ ಮರವನ್ನು ಹೀಗೆ ಬೋಳಾಗಿ ಬಿಡುವುದೇ ಎಂದು ಒಬ್ಬ ಮರುಗಿದ. ಹೊನ್ನೆ ಎಣ್ಣೆ ಹಚ್ಚು ಎಂದ ಇನ್ನೊಬ್ಬ. ಅದು ಕಪ್ಪಾಗುತ್ತದೆ, ಮೀನೆಣ್ಣೆಯೇ ಸರಿ ಎಂದ ಮತ್ತೊಬ್ಬ. ನಾಲ್ಕನೆಯವನು ಮೂಗು ಮುಚ್ಚಿಕೊಂಡು, ಆ ನಾತ ಯಾರಿಗೆ ಬೇಕು, ಮೆರುಗೆಣ್ಣೆ ಬಳಿ, ಕನ್ನಡಿಯಾಗುತ್ತದೆ ಎಂದ. ಈ ಮಾತಿಗೆ ನಾಲ್ವರೂ ತಲೆಯಾಡಿಸಿದರು. ಕೂತು ತಲೆಯಾಡಿಸುವುದಕ್ಕೆ ಏನು ಖರ್ಚು?

ಅಂಬಿಗನಿಗೆ ಹೊಗಳಿಕೆಯ ಆಸೆ ಹುಟ್ಟಿತು. ದೋಣಿಯನ್ನು ದಡಕ್ಕೆಳೆದು, ಹಲಗೆಯ ಎಳೆಗಳನ್ನೆಲ್ಲ ತೀಡಿ ಸಮ ಮಾಡಿದ. ಮೆರುಗೆಣ್ಣೆ ಬಳಿದ. ಒಣಗಿದ ಮೇಲೆ ಮತ್ತೂ ಬಳಿದ. ದೋಣಿ ಬಂಗಾರದಂತೆ ಹೊಳೆಯಿತು. ಕಟ್ಟೆಯವರು ಕೆಳಗಿಳಿದು ಬಂದು ಹಲಗೆಯಲ್ಲಿ ತಮ್ಮ ಮುಖ ನೋಡಿಕೊಂಡರು, ಅಂಬಿಗನ ಬೆನ್ನು ತಟ್ಟಿದರು, ಮತ್ತೆ ಹೋಗಿ ಕಟ್ಟೆಯ ಮೇಲೆ ಕೂತರು.

ಮರುದಿನ ತುಂತುರು ಮಳೆ. ಉಪ್ಪು ಮಾರುವ ಹೆಂಗಸೊಬ್ಬಳು ಎಂದಿನಂತೆ ಮೂಟೆ ಹೊತ್ತು ದೋಣಿ ಹತ್ತಿದಳು. ತಲೆಯ ಮೇಲೆ ಭಾರವಿದ್ದವಳು ಕೆಳಗೆ ನೋಡುವುದಿಲ್ಲ. ಕಾಲೇ ಅವಳ ಕಣ್ಣು. ಅಷ್ಟು ವರ್ಷ ಹಿಡಿದುಕೊಂಡಿದ್ದ ಹಲಗೆ ಅಂದು ಅವಳ ಕಾಲನ್ನು ಹಿಡಿಯಲಿಲ್ಲ. ಜಾರಿ ಬಿದ್ದಳು. ಉಪ್ಪು ಹೊಳೆಯ ಪಾಲಾಯಿತು. ಮೊಣಕಾಲ ಚಿಪ್ಪು ಒಡೆಯಿತು. ಮೇಲೆ ಥಳುಕು, ಒಳಗೆ ಹುಳುಕು ಎನ್ನುತ್ತಾರಲ್ಲ, ಆ ಮರದೊಳಗೆ ಹುಳುಕೇನೂ ಇರಲಿಲ್ಲ. ಅವಳನ್ನು ಕೆಡವಲು ಥಳುಕೊಂದೇ ಸಾಕಾಯಿತು.

ಅಂಬಿಗ ಓಡಿ ಬಂದು ಅವಳನ್ನು ಎತ್ತಲು ಹೋದ. ಅವಳು ಅವನ ಕೈ ಕೊಡವಿದಳು.

“ಯಾರ ಕೇಳಿ ಬಳಿದೆಯೋ ಇದನ್ನ?”

“ಕಟ್ಟೆಯ ಹಿರಿಯರು ಹೇಳಿದರು, ಅಕ್ಕಾ.”

“ನಿನ್ನ ಮನೆ ಹಾಳಾಗ! ಅವರು ಒಂದು ದಿನವಾದರೂ ಈ ಹೊಳೆ ದಾಟಿದ್ದಾರೇನೋ? ದಿನಾ ದಾಟೋಳು ನಾನು. ನನ್ನ ಒಂದು ಮಾತು ಕೇಳೋಕೆ ನಿನ್ನ ಬಾಯಿಗೆ ಏನಾಗಿತ್ತು?”

ಅಂಬಿಗ ಅವಳನ್ನು ಹೊತ್ತು ಮನೆ ಮುಟ್ಟಿಸಿ ಬಂದ. ಮಳೆಯಲ್ಲೇ ಉಳಿ ಹಿಡಿದು ಕೂತು ಮೆರುಗೆಣ್ಣೆಯನ್ನೆಲ್ಲ ಹೆರೆದ. ಮರಳು ಹಾಕಿ, ಅಂಗೈ ಸುಲಿಯುವವರೆಗೆ ಉಜ್ಜಿದ. ಆ ಹೆಂಗಸು ಮತ್ತೆಂದೂ ಮೂಟೆ ಹೊರಲಿಲ್ಲ. ಅಂಬಿಗನ ಅಂಗೈ ಸುಲಿದರೆ ಅವಳ ಕಾಲು ಬರುತ್ತದೆಯೇ?

ಕಟ್ಟೆಯ ಮೇಲಿನವರು ಆಗಲೂ ಸುಮ್ಮನಿರಲಿಲ್ಲ. ಎಂಥ ಹೊಳಪನ್ನು ಹಾಳು ಮಾಡಿದೆಯಲ್ಲೋ ಎಂದು ಹಲುಬಿದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿ, ಹೊಳಪು ಬೇಡವೆಂಬುದು ತಮ್ಮ ಮಾತಿನ ಅರ್ಥವೇ ಎಂದು ಮೆಲ್ಲಗೆ ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿ ಅಂದರು:

“ಹಿರಿಯರನ್ನೆಲ್ಲ ಕೇಳಿಕೊಂಡು ಬಂದೆಯಲ್ಲ, ಬುಟ್ಟಿ ಹೊತ್ತು ನಿಂತಿದ್ದವಳನ್ನು ಕೇಳಿದೆಯಾ?”