ಮಲಗುವ ಮನೆಯ ಬಾಗಿಲು

ಮುಗಿಲುಗಿರಿಯ ಅರಸ ಉಂಡು ಮಲಗಿದರೆ ಬಾಗಿಲು ಕಾಯುವವನು ಕಾವಲಿನ ದಳಪತಿ ಸಿಂಗಣ್ಣ. ಒಂದು ಮಧ್ಯಾಹ್ನ ಅರಸನ ಭಾವಮೈದುನ ರೆಕ್ಕೆಕುದುರೆಯಿಂದ ಅಂಗಳಕ್ಕಿಳಿದು, ಕತ್ತಿ ಹಿರಿದುಕೊಂಡೇ ಬಂದ. ಹಿಂದೆ ಅವನ ಆಳುಗಳು.

"ದಾರಿ ಬಿಡು ಸಿಂಗಣ್ಣ. ನಾಳೆಯಿಂದ ನಾನೇ ಅರಸ, ನೀನೇ ನನ್ನ ದಳಪತಿ. ಬಿಡದಿದ್ದರೆ ನಿನ್ನ ತಲೆ ಇಲ್ಲೇ ಉರುಳುತ್ತೆ."

ಸಿಂಗಣ್ಣ ಕೈಮುಗಿದು ಕೇಳಿದ: "ಆಗಲಿ ಬುದ್ಧಿ. ನಾಳೆ ನೀವು ಒಳಗೆ ಮಲಗಿರುವಾಗ ಇನ್ನೊಬ್ಬರು ಬಂದು ಇದೇ ಮಾತು ಹೇಳಿದರೆ, ಅವರಿಗೂ ದಾರಿ ಬಿಡಲೇ?"

ಭಾವಮೈದುನ ಮೆಲ್ಲಗೆ ತಿರುಗಿ ತನ್ನ ಆಳುಗಳನ್ನು ನೋಡಿದ. ಎಲ್ಲರೂ ಅರಸನ ಉಪ್ಪುಂಡು, ಆಸೆಗೆ ಬಿದ್ದು ತನ್ನ ಕಡೆ ಬಂದವರೇ.

ಕತ್ತಿ ಒರೆಗೆ ಸೇರಿತು. ಕುದುರೆ ಹತ್ತುವಾಗಲೂ ಅವನು ಆ ಆಳುಗಳಿಗೆ ಬೆನ್ನು ಕೊಡಲಿಲ್ಲ.