ಸಾಕವ್ವನ ಮೂರು ಚುಕ್ಕೆ

ಮೋಡದ ಹಾಗೆ ತೇಲುತ್ತಿದ್ದ ಬಣ್ಣದ ಪ್ಯಾರಾಗ್ಲೈಡರ್ ರೆಕ್ಕೆಯೊಂದು, ಸವಾರನ ಸಮೇತ ಮೆಲ್ಲಗಿಳಿದು, ಮಡಿವಾಳರ ಸಾಕವ್ವ ಹೊಳೆದಂಡೆಯಲ್ಲಿ ಒಣಹಾಕಿದ್ದ ಸೀರೆಗಳ ಮೇಲೆ ಮಲಗಿತು. ಸವಾರನಿಗೆ ಒಂದು ಗೀರೂ ಇಲ್ಲ. ಆದರೂ ಪಕ್ಕದ ಬೀದಿಯಲ್ಲಿ ಮನೆಯಿದ್ದ, ವಿಮಾನ ಇಲಾಖೆಯ ತನಿಖಾ ಸಾಹೇಬರು ಓಡಿ ಬಂದರು.

"ರೆಕ್ಕೆ ಮುಟ್ಟಿದ್ದೆಲ್ಲ ಜಪ್ತಿ! ವಿಮಾನ ಅಪಘಾತದ ಕಾಯ್ದೆ. ಯಾರೂ ಎದುರಾಡೋ ಹಾಗಿಲ್ಲ."

ಊರಿನವರ ಸೀರೆ ಹೋದರೆ ಸಾಕವ್ವನ ಕಸುಬೇ ಹೋದಂತೆ. ಆದರೂ ನಕ್ಕಳು.

"ಆಗಲಿ ಸ್ವಾಮಿ, ಬರಕೊಳ್ಳಿ. ಸೆರಗಿನ ಮೂಲೇಲಿ ನನ್ನ ಗುರುತಿದೆ. ಎರಡು ಚುಕ್ಕೆ ಗೌಡರ ಮನೇದು. ಒಂದು ಗೀಟು ಪೂಜಾರರದು. ಮೂರು ಚುಕ್ಕೆಯ ಹಸಿರು ಸೀರೆ, ನಾಳೆ ನಿಶ್ಚಿತಾರ್ಥಕ್ಕೆ ನಿಮ್ಮ ಮಗಳು ಉಡಬೇಕಾದ ಅವಳಜ್ಜಿ ಸೀರೆ."

ಸಾಹೇಬರ ಪೆನ್ನು ನಿಂತಿತು. ಅದಕ್ಕೆ ಮುಚ್ಚಳ ಹಾಕಿದರು.

"ರೆಕ್ಕೆ ಬಿದ್ದಿದ್ದು ಹುಲ್ಲಿನ ಮೇಲಲ್ಲವೇನಮ್ಮ?"

"ನೀವು ಹೇಳಿದ ಮೇಲೆ ಹುಲ್ಲೇ ಸ್ವಾಮಿ," ಅಂದಳು ಸಾಕವ್ವ, ಹಸಿರು ಸೀರೆ ಮಡಚುತ್ತಾ.